ತುಂಡು ಸಾಲುಗಳು

ಮತ್ತೆ ಅದೇ ಕರಕರ, ಫ್ಲಾಪಿ ಡ್ರೈವಿನೊಳಗೆ ಯಾರೋ ಮರಳು ಅರೆದ ಹಾಗೆ, ಕೆಂಪು ದೀಪ ಹತ್ತಿತು, ಆರಿತು, ಹತ್ತಿತು, ಸುಭಾಷಿಣಿ ಉಸಿರು ಬಿಗಿಹಿಡಿದಳು — ಓದು ಮಾರಾಯ, ಇದೊಂದು ತುಂಡು ಓದಿಬಿಡು — ಯಂತ್ರಕ್ಕೆ ಮಾರಾಯ ಅನ್ನುವುದೆಂತ, ಯಾರಾದರೂ ಕೇಳಿಸಿಕೊಂಡರೆ ತಲೆ ಕೆಟ್ಟಿದೆ ಅಂದಾರು, ಕೆಟ್ಟಿದೆ ಕೂಡ, ನಿನ್ನೆಯಿಂದ ಊಟ ಸೇರುತ್ತಿಲ್ಲ, ಎಸಿಯ ಚಳಿಗೆ ಬರಿಗಾಲು ಮರಗಟ್ಟಿದೆ, ಚಪ್ಪಲಿ ಬಾಗಿಲ ಹೊರಗೆ, ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಬರಬಾರದು ಅಂತ ವಿಭಾಗದ ಮುಖ್ಯಸ್ಥ ಡೊಮಿನಿಕ್ ಸರ್ ಬೋರ್ಡು ಬರೆಸಿದ್ದು ದೂಳು ಬರುತ್ತದೆಂದು, ದೂಳೇನೋ ಬರಲಿಲ್ಲ, ವೈರಸ್ಸು ಬಂತು, ಅದಕ್ಕೆ ಚಪ್ಪಲಿ ಇಲ್ಲವಲ್ಲ. ತೆರೆಯ ಮೇಲೆ ಹಸಿರು ಅಕ್ಷರಗಳು ಇಳಿದವು. ಬಂತು. ಹಿರಿಯಡ್ಕದ ಶಾಲೆ, ಮಗುವಿನ ಹೆಸರು, ವಯಸ್ಸು, ಬಲಗಿವಿ, ಎಡಗಿವಿ, ಸಾಲಿನ ಕೆಳಗೆ ಸಾಲು, ಕೊನೆಯ ಸಾಲು ಅರ್ಧಕ್ಕೇ ತುಂಡು, ಉಳಿದರ್ಧ ಇದೇ ಫ್ಲಾಪಿಯಲ್ಲಿ ಇನ್ನೆಲ್ಲೋ ಬಿದ್ದುಕೊಂಡಿದೆ, ಹುಡುಕಬೇಕು, ಜೋಡಿಸಬೇಕು, ಅದೂ ಐದು ಗಂಟೆಯೊಳಗೆ, ಐದಕ್ಕೆ ಶ್ರವಣಯಂತ್ರ ಕೊಡುವ ಸಂಸ್ಥೆಯವರು ಬರುತ್ತಾರೆ, ಕಿವಿ ಮಂದವಿರುವ ಮಕ್ಕಳ ಹೆಸರು ಕೊಡಿ ಅನ್ನುತ್ತಾರೆ, ಕೊಟ್ಟ ಹೆಸರಿಗೆ ಯಂತ್ರ ಬರುತ್ತದೆ, ಬಿಟ್ಟ ಹೆಸರಿಗೆ ಇಲ್ಲ, ಮತ್ತೆ ಯಾವ ಕಾಲಕ್ಕೋ. ಒಂದಿಡೀ ವರ್ಷ ಅವಳೂ ಸಹಾಯಕ ಕಬೀರನೂ ಕಿವಿ ಪರೀಕ್ಷೆಯ ಪೆಟ್ಟಿಗೆ ಹೊತ್ತುಕೊಂಡು ಬಸ್ಸು ಹತ್ತಿ ಇಳಿದದ್ದು — ಕಾಪು, ಕಟಪಾಡಿ, ಕೆಮ್ಮಣ್ಣು, ಕಾರ್ಕಳ — ಎಲ್ಲವೂ ಈ ಕರಿಯ ಚೌಕದೊಳಗೆ ಪುಡಿಪುಡಿಯಾಗಿ ಕೂತಿದೆ. ಕಾಗದವಾದರೂ ಇತ್ತಲ್ಲ, ಕಟ್ಟು ಕಟ್ಟು ಕಾಗದ, ಎಲ್ಲ ಕಂಪ್ಯೂಟರಿನಲ್ಲಿ ಉಂಟಲ್ಲ ಇನ್ನು ಈ ಕಸ ಯಾಕೆ ಅಂತ ಡೊಮಿನಿಕ್ ಸರ್ ಗುಜರಿಗೆ ಹಾಕಿಸಿದರು, ನಿನ್ನೆ ಕಬೀರ್ ಗುಜರಿ ಅಂಗಡಿಗೆ ಓಡಿದವನು ಕಡಲೆ ಪೊಟ್ಟಣ ಹಿಡಿದುಕೊಂಡು ವಾಪಸ್ ಬಂದ, ಇದೊಂದು ಸಿಕ್ಕಿತು ಅಕ್ಕ, ನೋಡಿ, ನಿಮ್ಮದೇ ಅಕ್ಷರ ಅಂದ. ಅವಳಿಗೆ ನಗುವೂ ಬಂತು, ಅಳುವೂ ಬಂತು, ಇಬ್ಬರೂ ನಿಂತುಕೊಂಡೇ ಕಡಲೆ ತಿಂದರು.

ವೈರಸ್ಸು ಅಂದರೆ ಎಂತ ಅಂತ ಮೊನ್ನೆಯವರೆಗೆ ಇಲ್ಲಿ ಯಾರಿಗೆ ಗೊತ್ತಿತ್ತು, ನೆಗಡಿ ಜ್ವರದ್ದು ಗೊತ್ತು, ಈ ಎಂಬತ್ತೊಂಬತ್ತನೇ ಇಸವಿಯಲ್ಲಿ ಪೆಟ್ಟಿಗೆಗೂ ಜ್ವರ ಬರುತ್ತದೆ ಅಂದರೆ — ಕಬೀರನ ಅಣ್ಣ ಯೂಸುಫ್ ದುಬೈಯಿಂದ ರಜೆಗೆ ಬರುವಾಗ ಕಾರು ಓಡಿಸುವ ಆಟದ ಫ್ಲಾಪಿ ತಂದ, ಕಬೀರ್ ಅದನ್ನು ಇಲ್ಲಿಗೆ ತಂದ, ಎಲ್ಲರಿಗಿಂತ ಹೆಚ್ಚು ಕಾರು ಓಡಿಸಿದ್ದು ಡೊಮಿನಿಕ್ ಸರ್, ಹಾಗಾಗಿ ಬೈಯುವ ಬಾಯಿ ಯಾರಿಗೂ ಇಲ್ಲ. ಅಷ್ಟಕ್ಕೇ ನಿಂತಿದ್ದರೂ ಬಚಾವಾಗುತ್ತಿದ್ದರು. ಕಡತಗಳ ಪಟ್ಟಿಯ ತಲೆಯಲ್ಲಿ ಗುರುತಿಲ್ಲದ ಹೆಸರೊಂದು ಕಂಡದ್ದೇ ಇವಳು ಗಾಬರಿಬಿದ್ದು, ನಕಲು ಸರಿಯುಂಟಾ ನೋಡುವ ಅಂತ ಡಬ್ಬಿಯಲ್ಲಿದ್ದ ನಕಲು ಫ್ಲಾಪಿಗಳನ್ನು ಒಂದೊಂದಾಗಿ ಅದೇ ಯಂತ್ರದ ಬಾಯಿಗೆ ಕೊಟ್ಟಳು, ಇದು ಸರಿಯುಂಟು, ಇದೂ ಸರಿಯುಂಟು, ಹಾಗೆ ನೋಡುತ್ತಾ ನೋಡುತ್ತಾ ಒಂದೊಂದಕ್ಕೂ ತಾನೇ ವೈರಸ್ಸು ಅಂಟಿಸಿಕೊಂಡು ಹೋದಳು. ಉಡುಪಿಯ ಮನೆಯಲ್ಲಿ ಅಜ್ಜಿ ಬದುಕಿದ್ದಿದ್ದರೆ, ಮೈಲಿಗೆಯ ಕೈಯಲ್ಲಿ ಮಡಿನೀರು ಮುಟ್ಟಿ ಶುದ್ಧ ಉಂಟಾ ಅಂತ ನೋಡುವವಳು ನೀನೊಬ್ಬಳೇ ಅನ್ನುತ್ತಿದ್ದಳು, ಅಂದು ಮೂರು ದಿನ ಅದನ್ನೇ ಅನ್ನುತ್ತಿದ್ದಳು. ಆ ಮಡಿಯಿಂದ ತಪ್ಪಿಸಿಕೊಳ್ಳಲಿಕ್ಕೇ ಅಲ್ವಾ ಬೆಳಗಾದರೆ ಬಸ್ಸು ಹತ್ತಿ ಮಣಿಪಾಲದ ಗುಡ್ಡ ಏರಿದ್ದು, ಇಲ್ಲಿ ಯಾರು ಯಾರನ್ನು ಮುಟ್ಟಿದರೂ ಕೇಳುವವರಿಲ್ಲ, ಕಾಪುವಿನಲ್ಲಿ ಕಬೀರನ ಉಮ್ಮ ಆಸಿಯಮ್ಮ ತೆಂಗಿನ ಹಾಲಿಗೆ ಸಕ್ಕರೆ ಹಾಕಿ ಅಕ್ಕಿರೊಟ್ಟಿ ನೆನೆಸಿ ಕೊಟ್ಟರು, ತಿಂದಳು, ಇನ್ನೊಂದು ಕೇಳಿ ತಿಂದಳು, ಮನೆಯಲ್ಲಿ ಹೇಳಲಿಲ್ಲ. ಈಗ ಮಂಗಳೂರಿನ ಇಂಜಿನಿಯರು ಫೋನಿನಲ್ಲಿ ಹೇಳುವುದೆಂತ, ಯಂತ್ರ ಪೂರ್ತಿ ಆರಿಸಿ ಮೇಡಂ, ಬರೀ ಗುಂಡಿ ಒತ್ತಿ ಮತ್ತೆ ಎಬ್ಬಿಸಿದರೆ ಅದು ಹೋಗುವುದಿಲ್ಲ, ಯಾರೂ ಮುಟ್ಟದ ಕಂಪೆನಿಯ ಮೂಲ ಫ್ಲಾಪಿಯಿಂದಲೇ ಶುರು ಮಾಡಿ, ಪ್ರತಿ ಫ್ಲಾಪಿಯ ಅಂಚಿನ ಕಚ್ಚಿಗೆ ಸ್ಟಿಕ್ಕರ್ ಅಂಟಿಸಿ, ಆಗ ಓದಬಹುದು, ಒಳಗೆ ಏನೂ ಬರೆಯಲಿಕ್ಕಾಗುವುದಿಲ್ಲ — ಕಾಲು ತೊಳೆದರೆ ಸಾಲದು, ತಲೆಗೇ ಮೀಯಬೇಕು. ಅಜ್ಜಿಯೇ ಮಂಗಳೂರಿನಿಂದ ಮಾತಾಡಿದಂತಾಯಿತು. ಸಿಟ್ಟು ಬಂತು, ಮನುಷ್ಯರಿಗೆ ಮಾಡಿದಾಗ ತಪ್ಪೆನಿಸಿದ್ದು ಫ್ಲಾಪಿಗೆ ಸರಿ ಹೇಗಾಯಿತು, ಆದರೆ ಫ್ಲಾಪಿಗೆ ಸರಿಯೇ, ಅದಕ್ಕೆ ನೋವಾಗುವುದಿಲ್ಲ, ಬಾಗಿಲಾಚೆ ನಿಂತು ಕಾಯಬೇಕಾಗಿಲ್ಲ. ಸ್ಟಿಕ್ಕರ್ ಅಂಟಿಸಿ, ಮೂಲ ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಿ, ಕೆಟ್ಟದ್ದನ್ನು ತುಂಡು ತುಂಡಾಗಿ ಓದಲಿಕ್ಕೆ ಕೂತಳು.

ಹೊಸ ತುಂಡು. ಕಾಪು, ಆಯಿಶಮ್ಮ, ಏಳು ವರ್ಷ, ಎಡಗಿವಿ ಎಪ್ಪತ್ತು — ಸಂಖ್ಯೆ ಏರಿದಷ್ಟು ಕಿವಿ ಮಂದ — ಹೌದು, ಮೇಜಿನ ಕೆಳಗೆ ಅಡಗಿ ಕೂತವಳು, ಅವಳ ತಾಯಿ ಬಾಗಿಲಲ್ಲಿ ನಿಂತು, ಇವಳಿಗೆ ಎಲ್ಲ ಕೇಳ್ತದೆ, ಹಠ ಅಷ್ಟೇ ಅಂದದ್ದು, ಸಿಕ್ಕಿದಳು, ಈ ಹುಡುಗಿಗೆ ಯಂತ್ರ ಬರುತ್ತದೆ, ಸುಭಾಷಿಣಿಯ ಎದೆ ಹಗುರಾಯಿತು, ಒಂದೊಂದು ಮಗು ಸಿಕ್ಕಿದಾಗಲೂ ಹೀಗೇ, ಸಂತೆಯಲ್ಲಿ ಕಳೆದುಹೋದ ಮಗುವಿನ ಕೈ ಮರಳಿ ಸಿಕ್ಕಿದಷ್ಟು ಸಂತೋಷ. ಇನ್ನೊಂದು ತುಂಡು ಹೆಸರಿನ ನಡುವಿನಿಂದಲೇ ಶುರು, ವತಿ, ಎಂಟು ವರ್ಷ, ಕಾರ್ಕಳ — ಯಾವ ವತಿ, ಮೊದಲ ಅರ್ಧ ಬೆಳಗ್ಗೆಯೇ ಸಿಕ್ಕಿತ್ತಲ್ಲ, ಪುಷ್ಪಾ ಅಂತ ನಿಂತುಹೋಗಿತ್ತು, ಪುಷ್ಪಾವತಿ, ಅವಳನ್ನು ಮರೆಯುವುದುಂಟಾ. ಆ ದಿನ ಮಕ್ಕಳೆಲ್ಲ ಅತ್ತು, ಹೆಡ್‌ಫೋನು ಕಿತ್ತು, ಒಬ್ಬ ಮೂತ್ರವನ್ನೂ ಮಾಡಿಕೊಂಡು, ಸಾಕಪ್ಪ ಸಾಕು ಅನ್ನುವಾಗ ಇವಳು ಬಂದು ಕೂತದ್ದು, ಎಣ್ಣೆ ಹಾಕಿ ಎಳೆದು ಕಟ್ಟಿದ ಎರಡು ಜಡೆ, ಹೆಡ್‌ಫೋನು ದೊಡ್ಡದಾಗಿ ಜಾರುತ್ತದೆಂದು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈ ತೊಡೆಯ ಮೇಲೆ, ಕೂಂಯ್ ಅಂತ ಕೇಳಿದ ಕೂಡಲೆ ಬೆರಳು ಎತ್ತು ಅಂದರೆ ಎತ್ತಿದ್ದೇ ಎತ್ತಿದ್ದು, ಸುಭಾಷಿಣಿ ಪೆಟ್ಟಿಗೆಯ ಸದ್ದಿನ ಗುಂಡಿ ಒತ್ತಿದರೆ ಬೆರಳು ಮೇಲೆ, ಸದ್ದು ಎಷ್ಟು ಸಣ್ಣದು ಮಾಡಿದರೂ ಬೆರಳು ಮೇಲೆ. ಅವಳ ಟೀಚರ್ ಸಿಸಿಲಿಯಾ, ಕ್ಲಾಸಿಗೆ ಇವಳೇ ಫಸ್ಟು, ಮುಂದಿನ ಬೆಂಚು ಬಿಟ್ಟು ಏಳುವುದಿಲ್ಲ, ನಾನು ಮಾತಾಡಿದರೆ ಬಾಯಿ ನೋಡಿಕೊಂಡೇ ಕೂತಿರ್ತಾಳೆ ಅಂದಿದ್ದರು. ಎಂಥ ಜಾಣೆ ಅಂತ ಸುಭಾಷಿಣಿ ಅವಳಿಗೆ ಪೆಪ್ಪರಮೆಂಟು ಕೊಟ್ಟಿದ್ದಳು. ಸಾಲಿನ ಉಳಿದ ಭಾಗ ತೆರೆಗೆ ಬಂತು, ಬಲಗಿವಿ ಹತ್ತು ಹತ್ತು ಹತ್ತು, ಎಡಗಿವಿ ಹತ್ತು ಹತ್ತು ಹತ್ತು — ಏನಿದು, ಆ ದಿನ ಪಕ್ಕದ ಕೋಣೆಯಲ್ಲಿ ಮಕ್ಕಳು ಒಕ್ಕೊರಲಿನಿಂದ ಮಗ್ಗಿ ಕೂಗುತ್ತಿದ್ದರು, ಆ ಗದ್ದಲದಲ್ಲಿ ಎಷ್ಟು ಒಳ್ಳೆಯ ಕಿವಿಯೂ ಇಪ್ಪತ್ತಕ್ಕಿಂತ ಇಳಿಯುವುದಿಲ್ಲ, ಹತ್ತು ಅಂತೂ ಬರಲಿಕ್ಕೆ ಸಾಧ್ಯವಿಲ್ಲ, ಅದೂ ಎಲ್ಲ ಕಡೆ ಒಂದೇ ಸಮ. ವೈರಸ್ಸಿನ ಕೆಲಸವೇ ಇದು, ಅಳಿಸಿದ್ದು ಸಾಲದೆ ತನಗೆ ಬೇಕಾದ್ದನ್ನು ತುಂಬಿಸಿಯೂ ಹೋಗಿದೆ. ಹಾಗಿದ್ದರೆ ಉಳಿದ ಸಾಲುಗಳನ್ನು ನಂಬುವುದು ಹೇಗೆ.

ಕಬೀರ್ ಬಂದ. ಬೆವರು, ಡೀಸೆಲ್ ವಾಸನೆ, ಮಧ್ಯಾಹ್ನದ ಬಸ್ಸಿನಲ್ಲಿ ಕಾಪುವಿಗೆ ಹೋಗಿ ಬಂದವನು, ಕೈಯಲ್ಲಿ ದುಬೈ ಶರ್ಟಿನ ಪ್ಲಾಸ್ಟಿಕ್ ಕವರು, ಅದರೊಳಗೆ ಒಂದು ಫ್ಲಾಪಿ, ಕೊನೆಯದಾದ ಕಾರ್ಕಳದ ಪರೀಕ್ಷೆ ಮುಗಿದ ವಾರ ನಕಲು ಮಾಡಿ ಮನೆಗೆ ಒಯ್ದು ಮರೆತದ್ದು, ಯೂಸುಫ್ ಬರುವುದಕ್ಕೂ ಎಷ್ಟೋ ಮೊದಲಿನದು. ಉಮ್ಮ ಕಪಾಟಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟಿದ್ದರು ಅಕ್ಕ, ನನ್ನ ಸರ್ಟಿಫಿಕೇಟು ಅಂತ ಎಣಿಸಿದ್ದರಂತೆ. ಅವನು ನಗುತ್ತಾ ಯಂತ್ರದ ಕಡೆ ಕೈ ಚಾಚಿದ. ತಡಿ, ಹಾಕಬೇಡ, ಮುಟ್ಟಲೂಬೇಡ ಅಂತ ಅವಳು ಕೂಗಿದ್ದು ಅಜ್ಜಿಯ ಸ್ವರದಲ್ಲೇ, ನಾಚಿಕೆಯಾಯಿತು, ಕಬೀರನ ಮುಖ ಒಂದು ಕ್ಷಣ ಸಣ್ಣದಾಯಿತು, ನಿನಗೆ ಅಲ್ಲ ಮಾರಾಯ, ಫ್ಲಾಪಿಗೆ ಹೇಳಿದ್ದು ಅಂದಳು, ಗೊತ್ತುಂಟು ಅಕ್ಕ ಅಂದ. ಆರಿಸಿದರು, ಸುಮ್ಮನೆ ನಿಂತು ಕಾದರು, ಮೂಲ ಫ್ಲಾಪಿ ಹಾಕಿದರು, ಕಚ್ಚಿಗೆ ಸ್ಟಿಕ್ಕರ್ ಅಂಟಿಸಿದರು, ಆಮೇಲೆ ಕಪಾಟಿನ ಫ್ಲಾಪಿ, ಅದಕ್ಕೆ ಕರಕರ ಇಲ್ಲ, ಸಣ್ಣ ಗುನುಗು ಅಷ್ಟೇ, ಸಾಲುಗಳು ಬೆಣ್ಣೆಯ ಹಾಗೆ ಇಳಿದುಬಂದವು. ಕಬೀರ್ ತೆರೆ ನೋಡಿ ಓದುತ್ತಾ ಹೋದ, ಅವಳು ತಾನು ಜೋಡಿಸಿ ಪ್ರಿಂಟು ತೆಗೆದದ್ದರಲ್ಲಿ ಬೆರಳಿಟ್ಟು ನೋಡುತ್ತಾ ಹೋದಳು, ಸರಿ, ಸರಿ, ಇದೂ ಸರಿ, ಜೋಡಣೆ ಎಲ್ಲೂ ತಪ್ಪಿಲ್ಲ, ಪುಷ್ಪಾವತಿ, ಎಂಟು ವರ್ಷ, ಅಂದ ಕಬೀರ್, ಹತ್ತು ಹತ್ತು ಹತ್ತು. ಸರಿಯಾಗಿ ನೋಡು. ಹತ್ತೇ ಅಕ್ಕ, ಎಡವೂ ಹತ್ತು, ನೀವೇ ಟೈಪ್ ಮಾಡಿದ್ದಲ್ವಾ, ವೈರಸ್ಸು ಇದನ್ನು ಮುಟ್ಟಲೇ ಇಲ್ಲ, ಒಳ್ಳೆಯದಾಯಿತಲ್ಲ.

ಮುಟ್ಟಲೇ ಇಲ್ಲ. ಪ್ರಿಂಟರು ಕಿರ್ರೆನ್ನುತ್ತಿದೆ, ಮಂದ ಕಿವಿಯ ಹೆಸರುಗಳು ಕಾಗದವಾಗಿ ಹೊರಗೆ ಬರುತ್ತಿವೆ, ಆಯಿಶಮ್ಮ ಅದರಲ್ಲಿದ್ದಾಳೆ, ಪುಷ್ಪಾವತಿ ಇಲ್ಲ, ಹತ್ತು ಬಂದವಳು ಯಾಕೆ ಇರುತ್ತಾಳೆ, ಡೊಮಿನಿಕ್ ಸರ್ ಬಾಗಿಲಲ್ಲಿ ತಲೆ ಹಾಕಿ, ಎಲ್ಲ ಸಿಕ್ಕಿತಾ ಸುಭಾಷಿಣಿ, ಸಂಸ್ಥೆಯವರ ಜೀಪು ಬಂದಾಯಿತು, ಸಿಕ್ಕಿತು ಸರ್ ಅಂದದ್ದು ಕಬೀರ್, ಖುಷಿಯಲ್ಲಿ, ಒಂದು ಸಾಲೂ ಹಾಳಾಗಲಿಲ್ಲ ಸರ್. ಇಲ್ಲ ಸರ್ ಅನ್ನಬೇಕು, ಒಂದು ಸಾಲು ತಪ್ಪುಂಟು, ಅದು ವೈರಸ್ಸಿನದ್ದಲ್ಲ, ನನ್ನದು, ಪೆಪ್ಪರಮೆಂಟು ಕೊಡುವಾಗ ಹಿಂದಿನಿಂದ ಕರೆದಿದ್ದೆನಲ್ಲ, ತಿರುಗಲಿಲ್ಲ, ನಾಚಿಕೆ ಇರಬೇಕು ಅಂದುಕೊಂಡೆ, ಟೀಚರಿನ ಬಾಯಿ ನೋಡಿಕೊಂಡೇ, ಮುಂದಿನ ಬೆಂಚು ಬಿಟ್ಟು ಏಳದೆ, ಮತ್ತೆ ಆ ಕಣ್ಣು, ಪರೀಕ್ಷೆ ಮುಗಿಯುವವರೆಗೆ ಒಮ್ಮೆಯೂ ನನ್ನ ಮುಖ ನೋಡದ ಕಣ್ಣು, ಕೆಳಗೆ, ಗುಂಡಿಯ ಕಡೆಗೆ, ಮತ್ತೆ ಕೊನೆಗೆ ಶಾಲೆಯಲ್ಲಿ ಕರೆಂಟು ಹೋಯಿತಲ್ಲ, ಫ್ಯಾನು ನಿಂತಿತು, ಪೆಟ್ಟಿಗೆಯ ದೀಪ ಆರಿತು, ಇನ್ನು ಅದರಿಂದ ಸದ್ದು ಬರುವುದೆಲ್ಲಿಂದ, ಅಭ್ಯಾಸಬಲದಿಂದ ನನ್ನ ಹೆಬ್ಬೆರಳು ಗುಂಡಿಯ ಮೇಲೆ ಇಳಿದುಬಿಟ್ಟಿತು, ನಗು ಬಂತು, ಆಗ ನಕ್ಕೆ, ಎದುರಿಗೆ ಆ ಮಗು ನನ್ನ ಹೆಬ್ಬೆರಳನ್ನೇ ನೋಡುತ್ತಾ, ಒಂದು ಕೈಯಲ್ಲಿ ಹೆಡ್‌ಫೋನು ಹಿಡಿದುಕೊಂಡು, ಇನ್ನೊಂದು ಕೈಯ ಬೆರಳು — ಮೇಲೆ, ನೆಟ್ಟಗೆ — ಬೆರಳು ಮೇಲೆ —