ಕಿವಿಯ ಪಂದ್ಯ

ವಿನೋದಿನಿ ಗಂಡನ ಬೆನ್ನ ಮೇಲೆ ಬೆರಳಿನಿಂದ ದೊಡ್ಡದಾಗಿ ‘ಆ’ ಎಂದು ಬರೆದಳು. ನೋಡುವವರಿಗೆ ಅಂಗಿಯ ಸುಕ್ಕು ಸರಿಮಾಡಿದ ಹಾಗಿತ್ತು. ಹೆಗಲ ಮೇಲಿನ ಬೈರಾಸನ್ನೇ ಕಣ್ಣಿಗೆ ಬಟ್ಟೆಯಾಗಿ ಕಟ್ಟಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದ ದೂಜಣ್ಣ ತಲೆಯನ್ನು ಸ್ವಲ್ಪ ವಾಲಿಸಿ, ಗಮನವಿಟ್ಟು ಕೇಳಿಸಿಕೊಂಡವನಂತೆ ನಟಿಸಿ, ಗಂಟಲು ಸರಿಮಾಡಿಕೊಂಡ.

“ಇದು ಆನೆ. ಬೇರಿಂಗಿಗೆ ಗ್ರೀಸ್ ಕಡಿಮೆಯಾಗಿದೆ ಅಂತ ಕಾಣ್ತದೆ.”

ಗ್ರೀಸಿನ ಮಾತು ಅವನ ಸ್ವಂತದ ಸೇರ್ಪಡೆ. ಅಷ್ಟು ಹಳೆಯ ಯಂತ್ರಕ್ಕೆ ಗ್ರೀಸ್ ಕಡಿಮೆ ಎಂದರೆ ತಪ್ಪಾಗುವ ಭಯವಿಲ್ಲ. ಪರದೆಯ ಹಿಂದೆ ಮೋಟಾರು ನಿಂತಿತು. ಹೊದಿಕೆ ಸರಿಸಿದರೆ ನಿಜಕ್ಕೂ ಆನೆಯೇ, ಉದ್ದ ಸೊಂಡಿಲಿನ, ಬೂದು ಬಣ್ಣದ ಜರ್ಮನ್ ಯಂತ್ರ. ಗೋಡೌನಿನ ತುಂಬ ಚಪ್ಪಾಳೆ ಬಿತ್ತು.

“ಏನ್ ಕಿವೀರಿ ದೂಜಣ್ಣ ನಿಮ್ಮವು!” ಎಂದ ಅಣವೀರಪ್ಪ. “ನಮ್ಮ ಹುಡುಗೂರಿಗೆ ಫೋನ್ ಬಾರಿಸಿದ್ದೂ ಕೇಳೂದಿಲ್ಲ.”

ದೂಜಣ್ಣನಿಗೆ ಅದೂ ಕೇಳಲಿಲ್ಲ. ವಿನೋದಿನಿ ಭುಜ ಒತ್ತಿದಳು, ಅವನು ನಕ್ಕ.

ಲೋಕದಲ್ಲಿ ಅಂಚೆಚೀಟಿ ಕೂಡಿಡುವವರಿದ್ದಾರೆ, ಗಡಿಯಾರ ಕೂಡಿಡುವವರಿದ್ದಾರೆ. ಇವರು ಹಳೆಯ ವ್ಯಾಕ್ಯೂಮ್ ಕ್ಲೀನರ್ ಕೂಡಿಡುವವರು. ವರ್ಷಕ್ಕೊಂದು ಭಾನುವಾರ ಟ್ಯಾಕ್ಸಿಯಲ್ಲಿ, ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ತಂತಮ್ಮ ಯಂತ್ರಗಳನ್ನು ಹೊತ್ತುಕೊಂಡು ಮುಂಬಯಿಯ ಮೂಲೆಮೂಲೆಗಳಿಂದ ವಡಾಲಕ್ಕೆ ಬರುತ್ತಾರೆ. ಮನೆಯವರು ತಲೆ ಚಚ್ಚಿಕೊಳ್ಳುತ್ತಾರೆ. ಜಾಗವೆಂದರೆ ಅಣವೀರಪ್ಪನ ಗೋಡೌನು. ಕಲಬುರಗಿ ಕಡೆಯಿಂದ ಬಂದು ಪರೇಲಿನ ಆಫೀಸುಗಳಲ್ಲಿ ನೆಲ ಒರೆಸುತ್ತಿದ್ದ ಅಣವೀರಪ್ಪ ಈಗ ಅಂಥ ಆಫೀಸುಗಳ ಸ್ವಚ್ಛತೆಯ ಗುತ್ತಿಗೆ ಹಿಡಿದವನು. ಗೋಳಿಬಜೆ, ಚಹಾ, ಹರಟೆ ಎಲ್ಲ ಮುಗಿದ ಮೇಲೆ ಕೊನೆಗೆ ಕಿವಿಯ ಪಂದ್ಯ. ಪರದೆಯ ಹಿಂದೆ ಯಂತ್ರ ಓಡಿಸುತ್ತಾರೆ, ಶಬ್ದ ಕೇಳಿ ಯಾವುದೆಂದು ಹೇಳಬೇಕು. ಆನೆ, ಹಂಡೆ, ಪೀಪಾಯಿ, ಮುದುಕಿ ಎಂದು ಅಡ್ಡಹೆಸರುಗಳನ್ನು ಅವರೇ ಇಟ್ಟುಕೊಂಡಿದ್ದಾರೆ. ಉಳಿದವರು ಒಂದೆರಡಕ್ಕೆ ಸೋತು ಎದ್ದು ಹೋಗುತ್ತಾರೆ. ದೂಜಣ್ಣ ಎಂದೂ ಸೋತವನಲ್ಲ. ಪರದೆಯಿದ್ದರೂ ಕಣ್ಣು ಕಟ್ಟಿಕೊಳ್ಳುವುದು ಅವನದೇ ಗತ್ತು. ಕಿವಿ ನೆಟ್ಟಗಿದ್ದ ಕಾಲದಲ್ಲಿ ಶುರುಮಾಡಿದ್ದು; ಈಗ ಬಿಟ್ಟರೆ ಜನ ಯಾಕೆ ಎಂದು ಕೇಳುತ್ತಾರೆ.

ಕಿವಿ ಹೋಗಿ ಕೆಲವು ವರ್ಷಗಳೇ ಆಗಿದ್ದವು. ಪೂರ್ತಿ ಜೀವನ ಮೋಟಾರಿನ ಪಕ್ಕ ಕಳೆದವನಿಗೆ ಇನ್ನೇನಾಗಬೇಕು? ಮನೆಮನೆಗೆ ಯಂತ್ರ ಹೊತ್ತು ಜಮಖಾನೆ ಗುಡಿಸಿ ತೋರಿಸುವ ಸೇಲ್ಸ್‌ಮ್ಯಾನ್ ಆಗಿದ್ದ, ಆಮೇಲೆ ರಿಪೇರಿಯವನಾದ. ಮೊದಲು ಫೋನಿನ ಮಾತು ತಪ್ಪಿತು, ಆಮೇಲೆ ಹಾಡು, ಆಮೇಲೆ ಒಂದು ಮೋಟಾರಿಗೂ ಇನ್ನೊಂದಕ್ಕೂ ಇದ್ದ ವ್ಯತ್ಯಾಸ. ಕಿವಿಗೆ ಹಾಕುವ ಮಿಷನ್ನು ತಂದರೆ ತಲೆಯೊಳಗೆ ದಾದರ್ ಸ್ಟೇಷನ್ ಕೂರಿಸಿದ ಹಾಗಾಗುತ್ತದೆಂದು ಡ್ರಾಯರಿಗೆ ಹಾಕಿದ. ಮಾತು ತುಟಿ ನೋಡಿ ಅಷ್ಟಿಷ್ಟು ತಿಳಿಯುತ್ತಿತ್ತು. ಸಂಗಡಿಗರು ದೂಜಣ್ಣನಿಗೆ ವಯಸ್ಸಾಯಿತು, ಮಾತು ಕಡಿಮೆಯಾಯಿತು ಎಂದುಕೊಂಡರು. ಅಲ್ಲಿ ತನ್ನನ್ನು ಕರೆದು ಮುಂದಿನ ಕುರ್ಚಿ ಕೊಡುವುದು ಕಿವಿಗೋಸ್ಕರ ಎಂದು ಅವನಿಗೆ ಗೊತ್ತಿತ್ತು. ಅದೂ ಹೋದರೆ ತಾನು ಬರೀ ಒಬ್ಬ ಮುದುಕ. ಹಾಗಾಗಿ ಯಾರಿಗೂ ಹೇಳಬಾರದೆಂದು ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದ.

ಬೆನ್ನ ಮೇಲೆ ಬರೆಯುವ ಉಪಾಯ ವಿನೋದಿನಿಯದು. ವಿಲೆ ಪಾರ್ಲೆಯ ಎರಡು ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಯಂತ್ರಗಳು ತುಂಬಿದ್ದವು. ಅವನು ಒಂದೊಂದನ್ನೇ ಬಿಚ್ಚಿ ಓಡಿಸುವಾಗ ಅವಳು ಅಲ್ಲೇ ಪಕ್ಕದಲ್ಲಿ ಅಕ್ಕಿ ಆರಿಸಿದ್ದಾಳೆ, ತೆಂಗಿನಕಾಯಿ ತುರಿದಿದ್ದಾಳೆ, ಶಪಿಸಿದ್ದಾಳೆ. ಬೇಡವೆಂದರೂ ಅವುಗಳ ದನಿ ಅವಳಿಗೆ ಬಾಯಿಪಾಠವಾಗಿತ್ತು.

ಅವನು ಯಂತ್ರ ಕೂಡಿಡುವುದನ್ನು ಊರೆಲ್ಲ ಹವ್ಯಾಸ ಎಂದಿತು. ಅವಳಿಗೆ ಮಾತ್ರ ಅದರ ಮೂಲ ಗೊತ್ತಿತ್ತು.

ಪರೇಲಿನ ಚಾಳಿನಲ್ಲಿದ್ದಾಗ ಅವರಿಗೆ ಹರಿಣಿ ಎಂಬ ಮಗಳಿದ್ದಳು. ಹುಟ್ಟಿದಾಗಿನಿಂದ ನಿದ್ದೆಗೆ ವೈರಿ. ಎತ್ತಿಕೊಂಡು ತಿರುಗಿದರೂ ಇಲ್ಲ, ತೊಟ್ಟಿಲು ತೂಗಿದರೂ ಇಲ್ಲ. ಒಂದು ದಿನ ದೂಜಣ್ಣ ಕಂಪನಿ ಮೂಲೆಗೆ ಹಾಕಿದ್ದ ಪೀಪಾಯಿ ಯಂತ್ರವೊಂದನ್ನು ಮನೆಗೆ ತಂದು ಓಡಿಸಿ ನೋಡಿದಾಗ, ಕಿರುಚುತ್ತಿದ್ದ ಮಗು ಅಪ್ಪನ ಹೆಗಲ ಮೇಲೆ ಥಟ್ಟನೆ ಮಲಗಿಬಿಟ್ಟಿತು. ಅಂದಿನಿಂದ ಅದೇ ಅವಳ ಜೋಗುಳ. ನೆರೆಯವರು ಬೈದರು, ಆಮೇಲೆ ಮಗುವಿನ ಅಳುವಿಗಿಂತ ಇದೇ ವಾಸಿ ಎಂದು ಸುಮ್ಮನಾದರು. ನಡೆಯಲು ಕಲಿತ ಹರಿಣಿ, ಧೂಳಿನ ಚೀಲವನ್ನು ಒಗೆಯಲು ಹಾಕಿದ್ದ ದಿನವೇ ಪೈಪಿನ ಬಾಯಿಗೆ ನಾಲ್ಕಾಣೆ ತಿನ್ನಿಸಿದಳು. ಒಳಗಿನ ಫ್ಯಾನಿನ ಒಂದು ಎಲೆಯ ತುದಿ ಮುರಿಯಿತು. ಅಲ್ಲಿಂದ ಪೀಪಾಯಿಯ ದನಿಯಲ್ಲಿ ಒಂದು ಕುಂಟು ಸೇರಿಕೊಂಡಿತು. ವೇಗ ಹತ್ತುವಾಗಲೂ ಇಳಿಯುವಾಗಲೂ ಅದು ಎಡವಿ ಎಡವಿ ನಡೆಯುತ್ತಿತ್ತು. ನಡುವೆ ಒಂದು ಸಣ್ಣ ಅದುರು. ಸರಿಮಾಡುತ್ತೇನೆ ಎಂದ ದೂಜಣ್ಣ ಮಾಡಲಿಲ್ಲ. ಆ ಅದುರಿಗೆ ಮಗು ಇನ್ನೂ ಬೇಗ ಮಲಗುತ್ತಿತ್ತು.

ಐದು ತುಂಬುವ ಮೊದಲೇ ಒಂದು ಮಳೆಗಾಲದ ಜ್ವರದಲ್ಲಿ ಹರಿಣಿ ಹೋದಳು. ಆಮೇಲೆ ಮಕ್ಕಳಾಗಲಿಲ್ಲ.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೊಂದು ಮಧ್ಯಾಹ್ನ ವಿನೋದಿನಿ ನಳ್ಳಿಯಿಂದ ನೀರು ತರುವಾಗ ಕೋಣೆಯಿಂದ ಆ ಶಬ್ದ ಬಂತು. ಗಂಡ ಖಾಲಿ ಹಾಸಿಗೆಯ ಪಕ್ಕ ಕೂತು ಪೀಪಾಯಿ ಓಡಿಸುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ. ಮರುದಿನ ಅವನು ಕೆಲಸಕ್ಕೆ ಹೋದ ಹೊತ್ತು ನೋಡಿ, ಹಳೇ ಸಾಮಾನು ಕೊಳ್ಳಲು ಕೆಳಗೆ ಕೂಗುತ್ತಿದ್ದ ಭಂಗಾರ್‌ವಾಲಾನನ್ನು ಕರೆದು ಯಂತ್ರವನ್ನು ಕೊಟ್ಟುಬಿಟ್ಟಳು. ಸಂಜೆ ಬಂದ ದೂಜಣ್ಣ ಖಾಲಿ ಮೂಲೆ ನೋಡಿದ. ಕೈಕಾಲು ತೊಳೆದು ಊಟಕ್ಕೆ ಕೂತ. ಬೈದಿದ್ದರೆ ಅವಳಿಗೂ ಒಂದು ನೆಮ್ಮದಿಯಿರುತ್ತಿತ್ತು.

ಮುಂದಿನ ಶುಕ್ರವಾರದಿಂದ ಅವನು ಚೋರ್ ಬಜಾರಿಗೆ ಹೋಗತೊಡಗಿದ. ಕುರ್ಲಾದ ಗುಜರಿ ಅಂಗಡಿಗಳನ್ನು ಜಾಲಾಡಿದ. ಕೆಲವೊಮ್ಮೆ ಬೇರೆ ಯಾವುದಾದರೂ ಪೀಪಾಯಿ ಸಿಗುತ್ತಿತ್ತು. ಓಡಿಸಿ, ಕಿವಿಯಿಟ್ಟು, ಅದಲ್ಲವೆಂದು ಮೂಲೆಗಿಡುತ್ತಿದ್ದ. ಹೀಗೆ ಮನೆ ತುಂಬಿತು. ಏನು ಹುಡುಕುತ್ತಿದ್ದೇನೆಂದು ಅವನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಅದು ಸಿಕ್ಕಿದ ದಿನ ತನಗೆ ಕ್ಷಮೆ ಸಿಗುತ್ತದೆ ಎಂದು ಮಾತ್ರ ಅವಳು ನಂಬಿದ್ದಳು. ಕಿವಿ ಹೋದ ಮೇಲೆ ಅವನು ಬಜಾರಿಗೆ ಹೋಗುವುದನ್ನು ನಿಲ್ಲಿಸಿದ. ಆ ಶುಕ್ರವಾರಗಳಲ್ಲಿ ಅವಳು ಅಡುಗೆಮನೆಯಲ್ಲಿ ನಿಂತು ಅತ್ತದ್ದುಂಟು.

“ಲಾಸ್ಟ್ ಒಂದು ಐತ್ರಿ,” ಅಣವೀರಪ್ಪ ಕೂಗಿದ. “ನಮ್ಮ ಅನಿಕೇತ್ ತಂದಾನ. ಮೊದಲನೇ ಸಲ ಬಂದಾನ, ಚೊಲೋತ್ನ್ಯಾಗ ಕೇಳ್ರಿ. ದೂಜಣ್ಣ, ರೆಡೀನ?”

ವಿನೋದಿನಿ ಭುಜ ಒತ್ತಿದಳು. ದೂಜಣ್ಣ ಗತ್ತಿನಿಂದ ಕೈ ಎತ್ತಿದ. ಪರದೆಯ ಹಿಂದೆ ಅನಿಕೇತ್ ಸ್ವಿಚ್ ಒತ್ತಿದ್ದು ಅವಳಿಗೆ ಕೇಳಿಸಿತು.

ಮೋಟಾರು ಎಡವಿತು. ಇನ್ನೊಮ್ಮೆ ಎಡವಿತು. ಎಡವುತ್ತಲೇ ವೇಗ ಹಿಡಿದು ಗುಂಯ್ ಎಂದು ಏರಿತು. ಆ ಗುಂಯ್ ಒಳಗೆ ಸಣ್ಣ ಅದುರು.

ವಿನೋದಿನಿಯ ಬೆರಳು ಗಂಡನ ಬೆನ್ನ ಮೇಲೆ ಇಟ್ಟಲ್ಲೇ ನಿಂತಿತು. ಕುರ್ಚಿಯ ಹಿಂಬದಿಯನ್ನು ಅವಳು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಇಂಥದ್ದೇ ಬೇರೆಯದಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ತಾಯಿಯ ಮೈಗೆ ಅದು ಗೊತ್ತಾಗಿಹೋಗಿತ್ತು. ಮಗುವಿನ ಬೆವರಿನ ವಾಸನೆ, ಚಾಳಿನ ಕತ್ತಲೆ, ಹೆಗಲ ಮೇಲಿನ ಭಾರ ಎಲ್ಲ ಒಟ್ಟಿಗೆ ಬಂದು ಎದೆಗೆ ಗುದ್ದಿದವು. ಇಷ್ಟು ವರ್ಷ ಅವನು ಹುಡುಕಿದ್ದು ಪರದೆಯ ಆಚೆ ಕೂಗುತ್ತಿತ್ತು. ಕೇಳಬೇಕಾದವನು ಮಾತ್ರ ಕಣ್ಣು ಕಟ್ಟಿಕೊಂಡು, ಕಿವುಡನಾಗಿ, ಅವಳ ಬೆರಳಿಗಾಗಿ ಕಾಯುತ್ತಿದ್ದ. ದೇವರಿಗೆ ಬೇರೆ ಸಮಯ ಸಿಗಲಿಲ್ಲವೇ ಎಂದು ಅವಳಿಗೆ ಸಿಟ್ಟು ಬಂತು.

ಏನೆಂದು ಬರೆಯುವುದು? ಪೀಪಾಯಿ ಎಂದು ಬರೆದರೆ ಅವನು ಅದನ್ನೇ ಹೇಳಿ, ಚಪ್ಪಾಳೆ ತಗೊಂಡು, ಎದ್ದು ಮನೆಗೆ ಹೊರಡುತ್ತಾನೆ.

ನೆಲದ ಅದುರಿನಿಂದ ಯಂತ್ರ ಶುರುವಾದದ್ದು ದೂಜಣ್ಣನಿಗೆ ತಿಳಿದಿತ್ತು. ಅಕ್ಷರ ಬರಲಿಲ್ಲ. ಅವನು ಬೆನ್ನು ಅಲ್ಲಾಡಿಸಿದ. ಆಮೇಲೆ ತಲೆ ಹಿಂದೆ ಮಾಡಿ, ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು, ಗೋಡೌನಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

“ಎಂತ ಮಾರಾಯ್ತಿ, ಬರಿ! ಯಾವುದು ಅದು? ನಂಗೆ ಎಂತದೂ ಕೇಳ್ತಾ ಇಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು ತಟ್ಟನೆ ನಿಲ್ಲಿಸಿದರು. ಅಣವೀರಪ್ಪ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟ. ಎಲ್ಲರೂ ಮೊದಲು ದೂಜಣ್ಣನನ್ನು, ಆಮೇಲೆ ಅವನ ಬೆನ್ನ ಮೇಲಿದ್ದ ಅವಳ ಬೆರಳನ್ನು ನೋಡಿದರು. ಅಷ್ಟು ವರ್ಷ ಕಾಪಾಡಿದ ಮಾನ ಒಂದು ಗಳಿಗೆಯಲ್ಲಿ ಹೋಯಿತು. ಹೋದದ್ದು ಅವನೊಬ್ಬನಿಗೇ ಗೊತ್ತಿರಲಿಲ್ಲ. ಇನ್ನೂ ಉತ್ತರಕ್ಕಾಗಿ ತಲೆ ವಾಲಿಸಿಕೊಂಡೇ ಕೂತಿದ್ದ.

“ಅಕ್ಕಾರ...” ಎಂದ ಅಣವೀರಪ್ಪ.

ವಿನೋದಿನಿ ಯಾರ ಮುಖವನ್ನೂ ನೋಡಲಿಲ್ಲ. ಗಂಡನ ಕೈ ಹಿಡಿದು ಎಬ್ಬಿಸಿದಳು. ಅವನು ಗಲಿಬಿಲಿಗೊಂಡು ಬೈರಾಸು ಬಿಚ್ಚಲು ಹೋದ, ಅವಳು ಬಿಡಲಿಲ್ಲ. ಪರದೆ ಸರಿಸಿ ಅವನನ್ನು ಒಳಗೆ ಕರೆದೊಯ್ದಳು. ಹೊಸದಾಗಿ ಪಾಲಿಶ್ ಮಾಡಿದ ಪೀಪಾಯಿ ಮೇಜಿನ ಮೇಲೆ ಹೊಳೆಯುತ್ತ ಕೂಗುತ್ತಿತ್ತು. ಪಕ್ಕದಲ್ಲಿ ಅನಿಕೇತ್, ಏನೋ ತಪ್ಪು ಮಾಡಿದವನಂತೆ ನಿಂತಿದ್ದ.

“ಸಾರಿ ಆಂಟಿ,” ಎಂದ. “ಬಾಡಿ ಪೂರಾ ನಾನೇ ಮಾಡಿದೆ. ಫ್ಯಾನ್ ಮಾತ್ರ ಹಾಗೇ ಬಿಟ್ಟೆ... ಟೂಟಾ ಹುವಾ ಹೈ, ಒಂದು ಎಲೆ ಮುರಿದಿದೆ, ಪಾರ್ಟ್ ಎಲ್ಲೂ ಸಿಗಲ್ಲ.”

ಅವಳು ದೂಜಣ್ಣನ ಅಂಗೈಯನ್ನು ಬಿಡಿಸಿ ಯಂತ್ರದ ಮುಚ್ಚಳದ ಮೇಲಿಟ್ಟಳು. ಅದರ ಮೇಲೆ ತನ್ನ ಕೈ ಇಟ್ಟು ಒತ್ತಿದಳು.

ಮೊದಲು ಅವನು ಮೆಕ್ಯಾನಿಕ್ಕಿನಂತೆ ಬೆರಳು ಸರಿಸಿ ನೋಡಿದ. ಒಮ್ಮೆ ತಲೆ ಅಲ್ಲಾಡಿಸಿದ. ಆಮೇಲೆ ಬೆರಳುಗಳು ನಿಂತವು. ಅಂಗೈ ಪೂರ್ತಿ ಮುಚ್ಚಳಕ್ಕೆ ಅಂಟಿತು. ಬೈರಾಸಿನ ಕೆಳಗೆ ಅವನ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆಯಿತು.

“ನಮ್ಮದಾ?” ಎಂದು ಕೇಳಿದ.

ಅವಳು ಅವನ ಕಿವಿಗೆ ಬಾಯಿಟ್ಟು ಕೂಗಿದಳು. “ಹೌದು! ನಮ್ಮದೇ!”

“ಶಬ್ದ? ಶಬ್ದ ಹಾಗೇ ಉಂಟಾ?”

“ಹಾಗೇ ಉಂಟು. ಹಾಗೇ ಉಂಟು, ಇವರೇ.”

ಎರಡನೆಯ ಸಲ ಕೂಗಲು ಅವಳಲ್ಲಿ ಉಸಿರಿರಲಿಲ್ಲ. ಅದು ಅವನಿಗೆ ಮುಟ್ಟಿತೋ ಇಲ್ಲವೋ. ಅವನು ಇನ್ನೊಂದು ಕೈಯನ್ನೂ ಮುಚ್ಚಳದ ಮೇಲಿಟ್ಟು ಬಾಗಿ ನಿಂತ. ಬೈರಾಸು ಒದ್ದೆಯಾಗುತ್ತಿತ್ತು. ಅವಳು ಪಕ್ಕದಲ್ಲಿ ನಿಂತು ಕೇಳಿದಳು. ಕೇಳಲಾರೆ ಎಂದು ಒಂದು ದಿನ ಮನೆಯಿಂದಲೇ ಓಡಿಸಿದ ಶಬ್ದ. ಈಗ ಈ ಲೋಕದಲ್ಲಿ ಅದನ್ನು ಕೇಳಿ ಗುರುತು ಹಿಡಿಯಲು ಇದ್ದವಳು ಅವಳೊಬ್ಬಳೇ. ಹಾಗಾಗಿ ಇಬ್ಬರ ಪಾಲಿನದ್ದನ್ನೂ ಕೇಳಿದಳು, ಒಂದು ಚೂರೂ ಬಿಡದೆ.

ಯಂತ್ರದೊಳಗಿಂದ ಸುಟ್ಟ ವಾಸನೆ ಬರತೊಡಗಿತು. ಅಷ್ಟು ಹಳೆಯ ಮೋಟಾರು ಹೆಚ್ಚು ಹೊತ್ತು ಓಡಬಾರದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು; ಯಾರೂ ಸ್ವಿಚ್ಚಿಗೆ ಕೈ ಹಾಕಲಿಲ್ಲ. ಕೊನೆಗೆ ದೂಜಣ್ಣನೇ ತಲೆ ಎತ್ತಿದ. ಅಂಗೈಗೆ ಬಿಸಿ ತಾಗಿತ್ತು.

“ಆಫ್ ಮಾಡು ಮಗಾ,” ಎಂದ ಅನಿಕೇತ್ ಇರಬಹುದಾದ ಕಡೆಗೆ ತಿರುಗಿ. “ಕಾಯ್ಲ್ ಸುಟ್ಟುಹೋಗ್ತದೆ.”

“ಬೇಡ,” ಎಂದಳು ವಿನೋದಿನಿ. “ಇನ್ನೊಂಚೂರು ಇರಲಿ. ಇವರೇ, ಇನ್ನೊಂಚೂರು.”

ಅವನಿಗೆ ಕೇಳಲಿಲ್ಲ. “ಆಫ್ ಮಾಡು,” ಎಂದು ಮತ್ತೆ ಹೇಳಿದ, ಮಗು ಮಲಗಿದ ಮನೆಯಲ್ಲಿ ಮಾತಾಡುವವನಂತೆ, ಈ ಸಲ ನಿಜಕ್ಕೂ ಮೆಲ್ಲಗೆ. ಅನಿಕೇತ್ ಅವಳ ಮುಖ ನೋಡಿದ, ಅವನ ಮುಖ ನೋಡಿದ, ಸ್ವಿಚ್ ಒತ್ತಿದ.

ದನಿ ಇಳಿಯಿತು. ಎಡವಿತು, ಮತ್ತೆ ಎಡವಿತು, ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವಿನ ಬಿಡುವು ಉದ್ದವಾಗುತ್ತ ಹೋಯಿತು. ವಿನೋದಿನಿ ಕೊನೆಯದರ ತನಕ ಕಾದಳು. ಆಮೇಲೆ ಮತ್ತೊಂದು ಬರಲಿಲ್ಲ. ದೂಜಣ್ಣ ಎರಡೂ ಕೈಗಳನ್ನು ಮುಚ್ಚಳದ ಮೇಲೆ ಹಾಗೇ ಇಟ್ಟುಕೊಂಡಿದ್ದ, ತಗಡು ತಣ್ಣಗಾಗುವ ತನಕ.