ಊಟಕ್ಕೆ ಕರೆದ ಕೈ

ಕಣ್ಣಿನ ಚಿಕಿತ್ಸೆ ಎಂದ ಮೇಲೆ ಕಣ್ಣಿನ ಡಾಕ್ಟರ ಹತ್ತಿರ ತಾನೆ ಹೋಗಬೇಕು? ತಂಗಿಯನ್ನು ಕರೆದುಕೊಂಡು ಹೋದೆ. ಅವರು ಅವಳ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ, ದೀಪ ಬಿಟ್ಟು ನೋಡಿ, "ಕಣ್ಣು ಚೆನ್ನಾಗೇ ಇದೆಯಲ್ಲಮ್ಮ" ಎಂದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ಚೆನ್ನಾಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ವಿ?" ಎಂದುಬಿಟ್ಟೆ.

ತಂಗಿ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವಳು. ಆ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಯಾರಿಗೂ ಕೇಳಿಸದು. ಅದಕ್ಕೇ ಅಲ್ಲಿ ಮಾತೆಲ್ಲ ಕೈಯಲ್ಲೇ. ಹತ್ತಿರವಿದ್ದರೆ ಬೆನ್ನು ತಟ್ಟುವುದು, ದೂರವಿದ್ದರೆ ಕೈ ಎತ್ತುವುದು. ಪಕ್ಕದ ಮಗ್ಗದಲ್ಲಿ ಅವಳ ಗೆಳತಿ, ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಒಂದು ಮಧ್ಯಾಹ್ನ, ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿ ಮಗ್ಗದಿಂದ ಚಿಮ್ಮಿ ಗುಬ್ಬಿಯ ತಲೆಗೆ ಬಡಿಯಿತು. ಅವಳು ಉಳಿಯಲಿಲ್ಲ.

ಅಂದಿನಿಂದ ತಂಗಿಗೆ ಅತ್ತಿತ್ತ ಆಡುವ ಯಾವುದನ್ನೂ ನೋಡಲಾಗುತ್ತಿರಲಿಲ್ಲ. ಪೊರಕೆ ಆಡಿದರೆ ಎದ್ದು ಹೋಗುತ್ತಿದ್ದಳು. ತನ್ನ ಮಗುವಿಗೆ ಹಾಲೂಡಿಸಿ ನನ್ನ ಕೈಗೆ ಕೊಟ್ಟು, ನಾನು ತೊಟ್ಟಿಲು ತೂಗುವಾಗ ಕಣ್ಣು ಮುಚ್ಚಿ ಗೋಡೆಗೆ ತಿರುಗುತ್ತಿದ್ದಳು.

"ನನ್ನ ಕೂಸನ್ನ ನಾನೇ ಮಲಗಿಸೋ ಹಾಗಾದ್ರೆ ಸಾಕು ಅಕ್ಕಾ" ಎನ್ನುತ್ತಿದ್ದಳು. ಅದು ಬಿಟ್ಟು ಬೇರೇನನ್ನೂ ಕೇಳಿದವಳಲ್ಲ.

ಕಣ್ಣು ಆಡಿಸಿ ಆಘಾತ ಇಳಿಸುವ ಚಿಕಿತ್ಸೆ ಇದೆಯಂತೆ ಎಂದು ಗಿರಣಿಯ ನರ್ಸ್ ಹೇಳಿದ್ದರು. ಅಷ್ಟು ಕಿವಿಗೆ ಬಿದ್ದದ್ದೇ ನಾನು ಓಡಿದ್ದೆ. ಕಣ್ಣಿನ ಡಾಕ್ಟರು ಪಾಪ, ನಗಲಿಲ್ಲ. "ಅದು ಮನಸ್ಸಿನ ಚಿಕಿತ್ಸೆ. ಅದರಲ್ಲೇ ತರಬೇತಿ ಆದವರು ಬೇಕು. ಕೇಳಿ ತಿಳ್ಕೊಂಡು ಹೋಗಿ" ಎಂದರು.

ಕೇಳಿದೆ. ಒಬ್ಬೊಬ್ಬರಿಗೇ ಫೋನು ಮಾಡಿದೆ. ಒಬ್ಬರು ನಾವು ಮಾತಷ್ಟೇ ಆಡಿಸುವುದು ಎಂದರು. ಇನ್ನೊಬ್ಬರು ಬಿಡುವು ಮುಂದಿನ ವರ್ಷವೇ ಎಂದರು. ಮತ್ತೊಬ್ಬರು ಒಂದೇ ಸಲಕ್ಕೆ ವಾಸಿ ಮಾಡುತ್ತೇನೆ ಎಂದಾಗ ಫೋನು ಕುಕ್ಕಿದೆ. ಕೊನೆಗೆ ಸಿಕ್ಕಿದ ಹೆಂಗಸು ಮಾತ್ರ, "ಅವರಿಗೆ ಏನಾಗ್ಬೇಕಂತೆ?" ಎಂದು ಕೇಳಿದರು.

"ತೊಟ್ಟಿಲು ತೂಗ್ಬೇಕಂತೆ."

"ಕರ್ಕೊಂಡು ಬನ್ನಿ" ಎಂದರು.

ಮೊದಮೊದಲು ಬರೀ ಮಾತು, ಉಸಿರಾಟ. ಕಣ್ಣೆದುರು ಬೆರಳು ಅತ್ತಿತ್ತ ಆಡಿಸಿ ನೋಡಿಸುವುದನ್ನು ಅವರು ಮುಂದಕ್ಕೆ ಇಟ್ಟಿದ್ದರು. ಆಮೇಲೆ ಒಂದು ದಿನ ತಂಗಿ, "ಬೆರಳೇ ಆಡ್ಸಿ ಮೇಡಂ, ನೋಡ್ತೀನಿ" ಎಂದು ಹಟ ಹಿಡಿದಳು. ನಾನು ಪಕ್ಕದಲ್ಲಿರಬೇಕೆಂದೂ ಕೇಳಿಕೊಂಡಳು.

"ನಿಧಾನಕ್ಕೆ ಮಾಡೋಣ. ತಡ್ಕೊಳ್ಳೋಕಾಗಲ್ಲ ಅನ್ನಿಸಿದ್ರೆ ಕೈ ಎತ್ತಿ, ನಿಲ್ಲಿಸ್ತೀನಿ" ಎಂದರು ಅವರು.

ಎರಡು ಬೆರಳು ಎಡಕ್ಕೆ ಹೋದವು, ಬಲಕ್ಕೆ ಬಂದವು. ತಂಗಿಯ ಮುಖ ಬಿಳಿಚಿತು. ಹಣೆಯಲ್ಲಿ ಬೆವರು. ಕೈ ಮಾತ್ರ ಕುರ್ಚಿಯ ಹಿಡಿಯನ್ನು ಬಿಡಲಿಲ್ಲ. ಅವರೇ ನಿಲ್ಲಿಸಿದರು.

"ಕೈ ಯಾಕೆ ಎತ್ತಲಿಲ್ಲ?"

"ಎತ್ತಲ್ಲ ಮೇಡಂ. ಅವತ್ತು ಎತ್ತಿದ್ದೆ."

ಕುರ್ಚಿಯ ಹಿಡಿಯನ್ನೇ ನೋಡುತ್ತ ತಂಗಿಯೇ ಹೇಳಿದಳು: "ಗುಬ್ಬಿ ಬಗ್ಗಿ ನೂಲು ಕಟ್ತಿದ್ಲು. ನಾನು ಊಟಕ್ಕೆ ಬಾ ಅಂತ ಕೈ ಎತ್ತಿದೆ. ತಲೆ ಎತ್ತಿ ನನ್ನ ನೋಡಿದ್ಲು. ನೋಡಿದ್ದಕ್ಕೇ..."

ಇಷ್ಟು ತಿಂಗಳು ಒಂದೇ ಸೂರಿನ ಕೆಳಗಿದ್ದೂ ನನಗಿದು ಗೊತ್ತಿರಲಿಲ್ಲ.

"ಹಾಗಾದ್ರೆ ಬೆರಳೂ ಬೇಡ, ಕೈ ಎತ್ತೋದೂ ಬೇಡ" ಎಂದರು ಅವರು. "ಸಾಕು ಅನ್ನಿಸಿದ್ರೆ ಕಾಲಲ್ಲಿ ನೆಲ ತಟ್ಟಿ. ಕಣ್ಣಿನ ಬದಲು ಹೀಗೂ ಮಾಡಬಹುದು." ತಂಗಿಯನ್ನು ಕೇಳಿಕೊಂಡು, ಮಂಡಿಯ ಮೇಲಿದ್ದ ಅವಳ ಎಡಗೈ ಒಮ್ಮೆ, ಬಲಗೈ ಒಮ್ಮೆ ಮೆಲ್ಲಗೆ ತಟ್ಟತೊಡಗಿದರು.

"ಅವಳೂ ಹೀಗೇ ಬೆನ್ನು ತಟ್ತಿದ್ಲು" ಎಂದಳು ತಂಗಿ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ದಾರಿಯಲ್ಲಿ ಕೇಳಿದಳು, "ನಾನು ಕರೀದೇ ಇದ್ದಿದ್ರೆ ಅವಳು ಇರ್ತಿದ್ಲು ಅಲ್ವಾ ಅಕ್ಕಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಗೊತ್ತಿಲ್ಲ ಕಣೇ. ನೀನು ಕರೆದಿದ್ದು ಊಟಕ್ಕೆ, ಅದಷ್ಟೇ ಗೊತ್ತು" ಎಂದೆ.

ಆಮೇಲೂ ಬಹಳ ಸಲ ಆ ಕೋಣೆಗೆ ಹೋದೆವು. ಕೆಲವು ಸಲ ಹೋಗುವಾಗ ಇದ್ದುದಕ್ಕಿಂತ ಹೆಚ್ಚು ಕುಗ್ಗಿ ಬಂದಳು.

ಮೊನ್ನೆ ಮಧ್ಯಾಹ್ನ ಬಟ್ಟೆ ಒಣಹಾಕಿ ಒಳಗೆ ಬಂದೆ. ತಂಗಿ ತೊಟ್ಟಿಲು ತೂಗುತ್ತಿದ್ದಳು. ಕಣ್ಣು ತೆರೆದೇ ಇತ್ತು, ಒದ್ದೆಯಾಗಿತ್ತು. ಏನೋ ಹೇಳಲು ಬಾಯಿ ತೆರೆದೆ. ಮಗುವಿಗೆ ಎಚ್ಚರವಾದೀತೆಂದು ಅವಳು ತಲೆಯಾಡಿಸಿದಳು. ಆಮೇಲೆ ತೂಗುತ್ತಲೇ ಇನ್ನೊಂದು ಕೈ ಮೇಲೆತ್ತಿ, ಬೆರಳುಗಳನ್ನು ಬಾಯಿಯ ಹತ್ತಿರ ತಂದು, ನನ್ನನ್ನು ಊಟಕ್ಕೆ ಕರೆದಳು.