ಕಸ್ತೂರಕ್ಕನ ಮೂರನೇ ಗೇರು

ನಮ್ಮ ಮನೆಯ ಕಾರಿಗೆ ಒಂದು ರೋಗವಿತ್ತು. ಆ ರೋಗ ವಾಸಿಯಾಗಬಾರದಿತ್ತು. ಹೀಗೆ ಹೇಳಿದರೆ ನನ್ನ ಗಂಡ ಇವತ್ತಿಗೂ ನಗುತ್ತಾರೆ. ನಗಲಿ. ಅವರಿಗೆ ಕಾರು ಅಂದರೆ ಪೆಟ್ರೋಲು ಎಷ್ಟು ಕುಡಿಯಿತು ಅನ್ನುವುದಷ್ಟೇ.

ಚನ್ನಗಿರಿಯಲ್ಲಿ ನಮ್ಮದು ಅಡಿಕೆ ಮಂಡಿ. ಊರೂರು ತಿರುಗಿ ಅಡಿಕೆ ಕೊಳ್ಳುತ್ತಿದ್ದವರು ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ ಬೆನಕಪ್ಪನವರು. ಮಂಡಿಯಲ್ಲಿ ಕೂತು ವ್ಯವಹಾರ ನೋಡುತ್ತಿದ್ದವರು ನನ್ನ ಗಂಡ ಮಹೇಶ್ವರಪ್ಪ. ಭಾವನ ಹೆಂಡತಿ ಕಸ್ತೂರಮ್ಮ ನನಗೆ ಕಸ್ತೂರಕ್ಕ. ಇಷ್ಟೂ ಜನರ ಮೇಲೆ ನಮ್ಮ ಅತ್ತೆ ಕಲ್ಲಮ್ಮನವರು.

ಎಪ್ಪತ್ತರ ದಶಕ ಶುರುವಾದಾಗ ಭಾವ ದಾವಣಗೆರೆಯಿಂದ ಒಂದು ಹಳೇ ಕಾರು ತಂದರು. ಕರಿ ಬಣ್ಣ, ದಪ್ಪ ತಗಡು, ನಾಲ್ಕು ಆಳು ತಳ್ಳಿದರೂ ಅಲ್ಲಾಡದಷ್ಟು ಭಾರ. ಮುಂದಿನ ಸೀಟು ಈ ಬಾಗಿಲಿಂದ ಆ ಬಾಗಿಲವರೆಗೆ ಒಂದೇ ಉದ್ದಕ್ಕೆ ಇತ್ತು. ಗೇರಿನ ಕೋಲು ಸ್ಟೇರಿಂಗಿನ ಬುಡದಿಂದ ಎಡಕ್ಕೆ ಚಾಚಿಕೊಂಡಿತ್ತು.

ಆಗಿನ ಮನೆಗಳಲ್ಲಿ ಗಂಡ ಹೆಂಡತಿ ಹೇಗಿರುತ್ತಿದ್ದರು ಅಂತ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಅತ್ತೆಯ ಎದುರು ಭಾವ ಹೆಂಡತಿಯನ್ನು ಒಂದು ದಿನ ಮಾತಾಡಿಸಿದವರಲ್ಲ. ನೀರು ಬೇಕಾದರೆ "ಯಾರಾದ್ರೂ ನೀರು ಕೊಡ್ರಿ" ಅಂತ ಗೋಡೆಗೆ ಹೇಳುತ್ತಿದ್ದರು. ಆ ಯಾರಾದರೂ ಅನ್ನುವವಳು ಕಸ್ತೂರಕ್ಕನೇ ಅಂತ ಗೋಡೆಗೂ ಗೊತ್ತಿತ್ತು. ಅವಳು ತಂದಿಡುತ್ತಿದ್ದಳು, ಅವರು ಕುಡಿಯುತ್ತಿದ್ದರು, ಸಂಸಾರದ ಮಾತುಕತೆ ಅಲ್ಲಿಗೆ ಮುಗಿಯುತ್ತಿತ್ತು.

ಕಾರಿನಲ್ಲೂ ಅದೇ ಪದ್ಧತಿ. ಭಾವನ ಪಕ್ಕದಲ್ಲಿ ಅತ್ತೆ. ಹಿಂದೆ ಕೂತರೆ ವಾಂತಿ ಬರುತ್ತದೆ ಅನ್ನುವುದು ಅವರು ಹೇಳುತ್ತಿದ್ದ ಕಾರಣ, ಯಜಮಾನಿಕೆ ಅನ್ನುವುದು ಹೇಳದೆ ಇದ್ದ ಕಾರಣ. ಹಿಂದಿನ ಸೀಟಿನಲ್ಲಿ ಚೀಲಗಳ ನಡುವೆ ನಾವಿಬ್ಬರು ಸೊಸೆಯಂದಿರು.

ಕಾರಿನ ರೋಗ ಇದು: ಇಳಿಜಾರಿನಲ್ಲಿ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಸಾಕು, ಮೂರನೇ ಗೇರು ಟಕ್ ಅಂತ ಹಾರಿ ನ್ಯೂಟ್ರಲ್‌ಗೆ ಬಂದುಬಿಡುತ್ತಿತ್ತು. ಆಗ ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ತನ್ನ ಭಾರಕ್ಕೆ ತಾನೇ ಓಡುತ್ತಿತ್ತು. ನಮಗೆ ಅದು ಮೊದಲು ಗೊತ್ತಾಗಿದ್ದು ಸೂಳೆಕೆರೆಯ ಹತ್ತಿರದ ಇಳಿಜಾರಿನಲ್ಲಿ. ಕಸ್ತೂರಕ್ಕನ ತವರು ಜಗಳೂರು ಕಡೆಯ ಬಿಳಿಚೋಡು. ಅಲ್ಲಿಂದ ಎಲ್ಲರೂ ವಾಪಸು ಬರುತ್ತಿದ್ದೆವು. ಹಿಂದೆ ಶೇಂಗಾ ಚೀಲ, ಮುಂದೆ ಅತ್ತೆಯ ತೊಡೆ ಮೇಲೆ ತುಪ್ಪದ ಗಡಿಗೆ. ಗೇರು ಹಾರಿತು. ಗಾಡಿ ಓಡಿತು. ಎದುರಿಗೆ ಮೀನಿನ ಬುಟ್ಟಿ ಹೊತ್ತ ಹೆಂಗಸರ ಸಾಲು. ಭಾವನಿಗೆ ಎರಡೂ ಕೈ ಸ್ಟೇರಿಂಗಿಗೇ ಬೇಕಾಗಿತ್ತು.

"ಅವ್ವಾ, ಗೇರು ಒತ್ತಿ ಹಿಡಕಾ!" ಅಂತ ಕೂಗಿ, ಕ್ಲಚ್ ತುಳಿದು, ಒಂದೇ ಏಟಿಗೆ ಗೇರು ಹಾಕಿ ಕೈಯನ್ನು ಸ್ಟೇರಿಂಗಿಗೆ ವಾಪಸು ತಂದರು.

"ತುಪ್ಪ ಚೆಲ್ತೈತಲ್ಲೋ!" ಅಂದರು ಅತ್ತೆ.

ಜೀವ ಚೆಲ್ಲುವ ಹೊತ್ತಿನಲ್ಲಿ ತುಪ್ಪ. ಅಷ್ಟರಲ್ಲಿ ಕಸ್ತೂರಕ್ಕ ಹಿಂದಿನಿಂದ ಎದ್ದು, ಅತ್ತೆಯ ಹೆಗಲ ಮೇಲಿಂದ ಬಾಗಿ, ಆ ಕೋಲನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟಳು. ಗೇರು ನಿಂತಿತು, ಗಾಡಿ ಗುರುಗುಟ್ಟುತ್ತ ನಿಧಾನವಾಯಿತು, ಮೀನಿನ ಹೆಂಗಸರು ನಮ್ಮನ್ನು ಬೈದುಕೊಂಡು ದಾಟಿಹೋದರು. ಕೆರೆ ಏರಿಯ ಮೇಲೆ ಭಾವ ಗಾಡಿ ನಿಲ್ಲಿಸಿದಾಗ ಅತ್ತೆಯೇ ಇಳಿದರು.

"ನೀನೇ ಮುಂದೆ ಕೂತ್ಕಳೇ ಮಾರಾಯ್ತಿ. ವಾಂತಿ ಬಂದ್ರೆ ಒರೆಸ್ಕಂಬೋದು, ಜೀವ ಹೋದ್ರೆ ಎಲ್ಲಿಂದ ತರಾಕೆ ಆಗ್ತೈತೆ?"

ಹೀಗೆ, ಅತ್ತೆಯ ಅಪ್ಪಣೆಯಿಂದಲೇ ಕಸ್ತೂರಕ್ಕ ಗಂಡನ ಪಕ್ಕಕ್ಕೆ ಬಂದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆ ಕಾಲವನ್ನು ತಂದಿದ್ದು ಒಂದು ಸವೆದ ಗೇರ್ ಬಾಕ್ಸು.

ಆಮೇಲಿನ ವರ್ಷಗಳಲ್ಲಿ ಅವಳನ್ನು ನೋಡಬೇಕಿತ್ತು. ಗೇರು ಹಿಡಿಯುವವರಿಲ್ಲದೆ ಕಾರು ಹೊರಡುವಂತಿರಲಿಲ್ಲ. ಹಾಗಾಗಿ ಭಾವ ಹೊನ್ನಾಳಿಗೆ ಹೊರಟರೆ ಕಸ್ತೂರಕ್ಕನೂ ಹೊರಟಳು, ನ್ಯಾಮತಿಗೆ ಹೊರಟರೆ ಅಲ್ಲಿಗೂ ಹೊರಟಳು. ಬಾವಿಕಟ್ಟೆ ಬಿಟ್ಟರೆ ಬೇರೆ ಕಾಣದ ಸೊಸೆ ಹೊನ್ನಾಳಿ ಸೇತುವೆಯ ಮೇಲೆ ನಿಂತು ಹೊಳೆ ನೋಡಿ ಬಂದಳು. ನ್ಯಾಮತಿಯಲ್ಲಿ ಯಾರೋ "ಬೆನಕಪ್ಪಾರು ಗೇರು ಸಮೇತ ಬಂದ್ರು" ಅಂತ ಚುಡಾಯಿಸಿದರಂತೆ. ಅದನ್ನು ನನಗೆ ಹೇಳುವಾಗ ಅವಳ ಮುಖ ಕೆಂಪಾಗಿತ್ತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ನನ್ನ ಗಂಡನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ನನಗೆ ಯಾವ ಗೇರೂ ಸಿಗಲಿಲ್ಲ.

ಮನೆಯವರೆಲ್ಲ ಹೊರಟಾಗ ಹಿಂದಿನ ಸೀಟಿನಿಂದ ನಾನು ಎಲ್ಲಾ ನೋಡುತ್ತಿದ್ದೆ. ಮೊದಮೊದಲು ಭಾವ "ಹಿಡಕ", "ಬಿಡು" ಅನ್ನುತ್ತಿದ್ದರು. ಸ್ವಲ್ಪ ದಿನಕ್ಕೆ ಅದೂ ಬೇಡವಾಯಿತು. ಅವರ ಕಾಲು ಕ್ಲಚ್ಚಿನ ಕಡೆ ಹೋಗುವ ಮೊದಲೇ ಅವಳ ಕೈ ಸಡಿಲವಾಗುತ್ತಿತ್ತು. ಎಂಜಿನ್ನಿನ ಸದ್ದು ಕೇಳಿಯೇ "ಈಗ ಹಾರ್ತೈತೆ ನೋಡ್ರಿ" ಅನ್ನುತ್ತಿದ್ದಳು. ಮಾತು ಗೇರಿನಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಬಿಳಿಚೋಡಿನ ಕುರಿಗಳಿಗೆ, ತ್ಯಾವಣಿಗೆಯ ಭತ್ತದ ಬೆಲೆಗೆ, ಒಮ್ಮೆ ಅವಳಿಗೆ ಯಾವ ಬಣ್ಣದ ಸೀರೆ ಇಷ್ಟ ಅನ್ನುವುದಕ್ಕೂ. ಹಿಂದೆ ಅತ್ತೆ ಕಣ್ಣು ಮುಚ್ಚಿ ನಿಂಬೆಹಣ್ಣು ಮೂಸುತ್ತ ಕೂತಿರುತ್ತಿದ್ದರು. ಮನೆ ಬಂದು ಬಾಗಿಲು ತೆರೆದ ಕೂಡಲೇ ಗಂಡ ಹೆಂಡತಿ ಮತ್ತೆ ಮೂಕರು.

ಆಮೇಲೆ ಪೆಟ್ರೋಲಿನ ಬೆಲೆ ಏರಿತು. ನನ್ನ ಗಂಡನಿಗೆ ನಿದ್ದೆ ಹಾರಿತು. ಕಾರಿನ ಭಾರ ಇಳಿಸಿದರೆ ಪೆಟ್ರೋಲು ಉಳಿಯುತ್ತದೆ ಅಂತ ಮೇಲಿನ ಕ್ಯಾರಿಯರ್ ಬಿಚ್ಚಿಸಿದರು, ಸ್ಟೆಪ್ನಿ ಚಕ್ರ ಇಳಿಸಿ ಮಂಡಿಯ ಅಡಿಕೆ ಚೀಲದ ಮೇಲೆ ಹಾಕಿದರು. ಸ್ಟೆಪ್ನಿ ಇಲ್ಲದೆ ಭಾವ ಒಂದು ಸಲ ಜಗಳೂರು ದಾರಿಯಲ್ಲಿ ಪಂಕ್ಚರಾಗಿ ಬಿಸಿಲಲ್ಲಿ ಕೂತಿದ್ದೂ ಆಯಿತು. ಆದರೂ ಇವರು ಬಿಡಲಿಲ್ಲ.

"ಅಣ್ಣಾ, ಎಲ್ಲಾ ಡ್ರೈವರ್ರೂ ಇಳಿಜಾರಲ್ಲಿ ನ್ಯೂಟ್ರಲ್ ಹಾಕಿ ಬಿಡ್ತಾರೆ. ಗೇರು ಹಾರಿದ್ರೆ ಹಾರ್ಲಿ ಬಿಡು, ಪೆಟ್ರೋಲು ಉಳೀತೈತೆ."

"ಇದು ಭಾರದ ಗಾಡಿ ಕಣೋ. ಗೇರಲ್ಲೇ ಇಳೀಬೇಕು. ಬರೀ ಬ್ರೇಕ್ ನಂಬ್ಕಂಡ್ರೆ, ನೀನು ಉಳಿಸಿದ ಪೆಟ್ರೋಲು ನಮ್ಮನ್ನೂ ಕರ್ಕಂಡು ಸೂಳೆಕೆರೆಗೆ ಬೀಳ್ತೈತೆ."

"ಹಂಗಾದ್ರೆ ಗೇರ್ ಬಾಕ್ಸ್ ರಿಪೇರಿ ಮಾಡ್ಸು. ಅತ್ತಿಗೇರನ್ನ ಊರೂರಿಗೆ ಹೊತ್ಕಂಡು ತಿರುಗೋದು ತಪ್ತೈತೆ. ಅದೂ ಭಾರನೇ ಅಲ್ವ?"

ಕಸ್ತೂರಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ಭಾವ ಏನು ಹೇಳುತ್ತಾರೋ ಅಂತ ನಾನೂ ಕಿವಿ ಇಟ್ಟೆ. "ನೋಡಾಣ ತಗೋ" ಅಂದು ಹೊರಟುಹೋದರು. ರೊಟ್ಟಿ ಮತ್ತೆ ಶುರುವಾಯಿತು. ಆ ನೋಡಾಣ ವರ್ಷಗಟ್ಟಲೆ ನಡೆಯಿತು. ಅಷ್ಟು ಅಚ್ಚುಕಟ್ಟಿನ ಮನುಷ್ಯ ಆ ಒಂದು ರಿಪೇರಿ ಯಾಕೆ ಮುಂದಕ್ಕೆ ಹಾಕುತ್ತಿದ್ದಾರೆ ಅನ್ನುವುದು ನನಗೆ ಗೊತ್ತಿತ್ತು, ಕಸ್ತೂರಕ್ಕನಿಗೂ ಗೊತ್ತಿತ್ತು ಅಂದುಕೊಂಡಿದ್ದೆ.

ಒಂದು ಬೇಸಿಗೆಯಲ್ಲಿ ತ್ಯಾವಣಿಗೆ ದಾಟಿ ಬರುವಾಗ ಗದ್ದೆಯಿಂದ ಎಮ್ಮೆಯೊಂದು ರಸ್ತೆಗೆ ನುಗ್ಗಿತು. ಭಾವ ಬ್ರೇಕ್ ಒತ್ತಿದರು. ಆ ಕಾರಿಗೆ ಬೆಲ್ಟೂ ಇಲ್ಲ, ಹಿಡಿದುಕೊಳ್ಳಲು ಹಿಡಿಯೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಎರಡೂ ಕೈ ಮುಂದೆ ಚಾಚಿ ಡ್ಯಾಶ್‌ಬೋರ್ಡಿಗೆ ಆನಿಕೊಳ್ಳುತ್ತಿದ್ದರು. ಕಸ್ತೂರಕ್ಕ ಗೇರು ಬಿಡಲಿಲ್ಲ. ಹಣೆ ಹೋಗಿ ತಗಡಿಗೆ ಬಡಿಯಿತು, ಮಣಿಕಟ್ಟು ಕೋಲಿಗೆ ಸಿಕ್ಕಿ ತಿರುಚಿತು. ಎಮ್ಮೆ ಬಾಲ ಬೀಸುತ್ತ ಹೋಯಿತು. ಭಾವ ಅವಳ ಕೈಯನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡು, ಹಿಂದೆ ತಾಯಿ ಕೂತಿದ್ದಾಳೆ ಅನ್ನುವುದನ್ನೂ ಮರೆತು, "ಬಿಡಬಾರದಾ, ಬಿಡಬಾರದಾ" ಅಂತ ಬೈದರು.

ಅವಳ ಕೈಗೆ ಪಟ್ಟಿ ಕಟ್ಟಿದ್ದ ದಿನಗಳಲ್ಲೇ ಭಾವ ಯಾರಿಗೂ ಹೇಳದೆ ಕಾರನ್ನು ಹೊನ್ನಾಳಿಯ ಗ್ಯಾರೇಜಿಗೆ ಬಿಟ್ಟರು. ಗೇರ್ ಬಾಕ್ಸ್ ಇಳಿಸಿ, ಸವೆದ ಹಲ್ಲುಗಳನ್ನು ತೆಗೆದು ಬೇರೆ ಹಾಕಿಸಿ, ಹೊಸ ಆಯಿಲ್ ತುಂಬಿಸಿ ತಂದರು. ಅಂಗಳದಲ್ಲಿ ಎಲ್ಲರೂ ಇದ್ದೆವು. ಕಸ್ತೂರಕ್ಕ ಬಾಗಿಲ ಹಿಂದೆ ಇದ್ದಳು. ಭಾವ ಎಂದಿನಂತೆ ಗೋಡೆ ನೋಡಿಕೊಂಡು ಹೇಳಿದರು: "ಗೇರು ಗಟ್ಟಿ ಆತು. ಇನ್ಮೇಲೆ ಹಿಡಿಯೋರು ಯಾರೂ ಬೇಕಾಗಿಲ್ಲ."

ನಿನ್ನ ಕೈ ನೋಡಲಾರದೆ ಮಾಡಿಸಿದೆ ಅನ್ನುವುದನ್ನು ತಾಯಿ, ತಮ್ಮ, ತಮ್ಮನ ಹೆಂಡತಿಯ ಎದುರು ಹೇಗೆ ಹೇಳುತ್ತಾರೆ? ಹೇಳಲಿಲ್ಲ. ಅವಳ ಕಿವಿಗೆ ಬಿದ್ದಿದ್ದು "ಬೇಕಾಗಿಲ್ಲ" ಅನ್ನುವುದು ಮಾತ್ರ.

"ಒಳ್ಳೇದಾತು ಬಿಡ್ರಿ," ಅಂದಳು ಬಾಗಿಲ ಹಿಂದಿನಿಂದ. ನನ್ನ ಗಂಡನಂತೂ ಹಬ್ಬದ ಸಂಭ್ರಮದಲ್ಲಿದ್ದರು.

ಮುಂದಿನ ಪ್ರಯಾಣಕ್ಕೆ ಅತ್ತೆ ಸೆರಗು ಸರಿಮಾಡಿಕೊಂಡು ಮುಂದಿನ ಸೀಟಿಗೆ ಹತ್ತಿದರು. ವಾಂತಿಯ ನೆಪ ವಾಪಸು ಬಂದಿತ್ತು. ಕಸ್ತೂರಕ್ಕ ನನ್ನ ಪಕ್ಕದಲ್ಲಿ ಕೂತಳು. ಗೇರು ಬದಲಾದಾಗಲೆಲ್ಲ ಮಡಿಲಲ್ಲಿದ್ದ ಅವಳ ಬಲಗೈ ಮುಷ್ಟಿ ಕಟ್ಟುತ್ತಿತ್ತು, ಬಿಡುತ್ತಿತ್ತು. ಹೊನ್ನಾಳಿಗೆ, ನ್ಯಾಮತಿಗೆ ಅವಳನ್ನು ಯಾರೂ ಕರೆಯಲಿಲ್ಲ. ಕರೆಯುವುದಕ್ಕೆ ಕಾರಣವೇ ಉಳಿದಿರಲಿಲ್ಲ.

ಭಾವನಿಗೆ ತಾವು ಮಾಡಿದ್ದು ಏನು ಅಂತ ಬೇಗನೇ ಗೊತ್ತಾಗಿರಬೇಕು. ಅದೇ ವರ್ಷ ಬಿಳಿಚೋಡಿಗೆ ಹೋಗಿ ವಾಪಸು ಬರುವಾಗ, ಸೂಳೆಕೆರೆಯ ಇಳಿಜಾರು ಬರುತ್ತಿದ್ದಂತೆ ಗಾಡಿ ನಿಧಾನ ಮಾಡಿದರು. ಕನ್ನಡಿಯಲ್ಲಿ ಹಿಂದಕ್ಕೆ ನೋಡಿ, ಗಟ್ಟಿಯಾಗಿ ಹೇಳಿದರು:

"ಯಾಕೋ ಗೇರು ಮತ್ತೆ ಹಾರಂಗೆ ಕಾಣ್ತೈತೆ."

ಅತ್ತೆ ಬೆಚ್ಚಿಬಿದ್ದು ಬಾಗಿಲಿಗೆ ಕೈ ಹಾಕಿದರು, ಇಳಿದು ಸೀಟು ಬಿಟ್ಟುಕೊಡಲು ತಯಾರಾದರು. ನಾನು ಕಸ್ತೂರಕ್ಕನ ಮುಖ ನೋಡಿದೆ. ಆ ಗಾಡಿಯ ಸದ್ದು ಅವಳಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರಲಿಲ್ಲ.

"ಹಾರಂಗಿಲ್ಲ," ಅಂದಳು. "ಸದ್ದು ಚೆನ್ನಾಗೈತೆ. ಗೇರು ಗಟ್ಟಿ ಐತೆ."

"ಹಂಗಾದ್ರೆ ಸರಿ ಬಿಡು," ಅಂತ ಅತ್ತೆ ಮತ್ತೆ ಒರಗಿಕೊಂಡರು. ಗಾಡಿ ಇಳಿಯಿತು, ಗೇರು ಅಲ್ಲಾಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆರೆ ಏರಿ ಬರುವ ಹೊತ್ತಿಗೆ ಕಸ್ತೂರಕ್ಕ ಕಿಟಕಿಯ ಕಡೆ ತಿರುಗಿ ಅಳುತ್ತಿದ್ದಳು. ಭಾವ ಆ ಸುಳ್ಳು ಯಾಕೆ ಹೇಳಿದರು ಅಂತ ಅವಳಿಗೆ ಆಗಷ್ಟೇ ಹೊಳೆದಿತ್ತು.

ಅವರಿಬ್ಬರ ಮೇಲೂ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂಡಿಹಾಕಿ ಬೀಗ ಹಾಕಬೇಕು ಅನಿಸಿತ್ತು. ಭಾವ ಇನ್ನೊಮ್ಮೆ ಕೇಳಲಿಲ್ಲ. ಅವಳು ತಾನಾಗಿ ಹೇಳಲಿಲ್ಲ. ಎಂಬತ್ತನೇ ಇಸವಿಯ ಆಚೆ ಅತ್ತೆ ತೀರಿಕೊಂಡರು, ಮುಂದಿನ ಸೀಟು ಖಾಲಿಯಾಯಿತು. ಅಷ್ಟು ಹೊತ್ತಿಗೆ ಹಿಂದೆ ಕೂರುವುದು ಅವಳಿಗೆ ರೂಢಿಯಾಗಿತ್ತು. ಭಾವ ತಮ್ಮ ಪಕ್ಕದಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಓಡಿಸುತ್ತಿದ್ದರು.

ಆಮೇಲೆ ಅವರಿಗೆ ಎದೆನೋವು ಬಂತು. ಡಾಕ್ಟರು ಸ್ಟೇರಿಂಗ್ ಮುಟ್ಟಬೇಡಿ ಅಂದರು. ಒಂದು ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದಾಗ, ಅಂಗಳದಲ್ಲಿದ್ದ ಕಾರನ್ನು ನೋಡುತ್ತ, "ಸಿದ್ದಲಿಂಗಮ್ಮಾ, ಅದನ್ನ ರಿಪೇರಿ ಮಾಡಿಸಬಾರದಿತ್ತು. ಅವಳ ಕೈ ನೋಡಾಕೆ ಆಗ್ಲಿಲ್ಲ ನಂಗೆ," ಅಂದರು.

"ನನಗ್ಯಾಕೆ ಹೇಳ್ತೀರಿ ಭಾವ? ಹೇಳೋರಿಗೆ ಹೇಳ್ರಿ," ಅಂದೆ. ಆದರೂ ಮನಸ್ಸು ತಡೆಯದೆ ಆ ಕ್ಷಣವೇ ಹೋಗಿ ಕಸ್ತೂರಕ್ಕನಿಗೆ ಹೇಳಿದೆ. ಅವಳು ಒಲೆಯ ಉರಿ ತಗ್ಗಿಸಿದಳು. ಆಮೇಲೆ, "ಹುಷಾರಾಗ್ಲಿ ಕಣೇ. ಬಿಳಿಚೋಡಿಗೆ ಹೋಗಿ ಬರ್ತೀವಿ. ನಾನು ಮುಂದೆ ಕೂತ್ಕಂತೀನಿ," ಅಂದಳು. ಪೆಟ್ಟಿಗೆಯಿಂದ ಒಂದು ಸೀರೆ ತೆಗೆದು ಗಾಳಿಗೆ ಹಾಕಿದಳು. ಭಾವ ಹುಷಾರಾಗಲಿಲ್ಲ.

ಕಾರು ಕೊಳ್ಳಲು ಜಗಳೂರಿನವರೊಬ್ಬರು ಬಂದರು. ಬ್ಯಾಟರಿ ಕೂತುಹೋಗಿತ್ತು, ತಳ್ಳಿಯೇ ಸ್ಟಾರ್ಟ್ ಮಾಡಬೇಕಿತ್ತು. ನಮ್ಮ ಓಣಿ ಬಸ್‌ಸ್ಟ್ಯಾಂಡಿನ ಕಡೆಗೆ ಇಳಿಜಾರು. ಕೊಂಡವರು ಸ್ಟೇರಿಂಗಿನ ಮುಂದೆ ಕೂತರು, ಆಳುಗಳು ಹಿಂದೆ ನಿಂತರು. ಅಷ್ಟರಲ್ಲಿ ಕಸ್ತೂರಕ್ಕ ಒಳಗಿನಿಂದ ಬಂದು ಮುಂದಿನ ಬಾಗಿಲು ತೆಗೆದಳು.

"ಓಣಿ ಕೊನೆವರೆಗೆ ಕೂತ್ಕಂಡು ಬರ್ತೀನಪ್ಪಾ," ಅಂದಳು. ಬೇಡ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಗಾಡಿ ಉರುಳಿತು, ಅವರು ಮೂರನೇ ಗೇರು ಹಾಕಿದರು, ಎಂಜಿನ್ನು ಕೆಮ್ಮಿ ಎದ್ದಿತು. ಕಸ್ತೂರಕ್ಕ ಬಲಗೈ ಚಾಚಿ ಕೋಲನ್ನು ಹಿಡಿದಳು. ನಾನು ಪಕ್ಕದಲ್ಲೇ ನಡೆಯುತ್ತಿದ್ದೆ, ಕಿಟಕಿ ತೆರೆದಿತ್ತು.

"ಅಮ್ಮಾ, ಕೈ ತೆಗೀರಿ. ಗೇರು ಗಟ್ಟಿ ಐತೆ, ಹಾರಂಗಿಲ್ಲ," ಅಂದರು ಆ ಮನುಷ್ಯ.

"ಗೊತ್ತೈತಪ್ಪಾ," ಅಂದಳು ಕಸ್ತೂರಕ್ಕ, ಕೈ ಬಿಡದೆ. "ನಾನೇ ಹೇಳಿದ್ದೆ."